ಮದುವೆ ಕೇಕಿಗೂ ಒಂದು ಮಣೆ

ಯುವಜನರ ಪಾಠ



ಮದುವೆಯ ಬಲಿಪೂಜೆ ಮುಗಿದು ಸಮುದಾಯ ಭವನಕ್ಕೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೇಕಿನ ಮೇಜಿನ ಕಡೆಗೆ. ಕೇಕು ಎಷ್ಟು ಅಂತಸ್ತಿನದು, ಯಾವ ಸ್ಟ್ಯಾಂಡಿನ ಮೇಲಿದೆ, ಸುತ್ತ ಯಾವ ಅಲಂಕಾರ ಎಂದು ನೋಡುವವರೇ ಹೆಚ್ಚು. ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ಮದುವೆ ನಿಶ್ಚಯವಾಯಿತು. ಹುಡುಗಿಯ ತಂದೆ ಕೂಲಿ ಕೆಲಸದವರು. ಸ್ವಸಹಾಯ ಸಂಘದಲ್ಲಿ ಆಗಲೇ ಸಾಲ ಮಾಡಿದ್ದರು. ಕೇಕಿನ ಸ್ಟ್ಯಾಂಡಿಗೆ ಬಾಡಿಗೆ ಬೇರೆ, ಮುಂಗಡ ಬೇರೆ ಎಂದು ಗೊತ್ತಾದಾಗ ಅವರು ನಮ್ಮನ್ನು ಕೇಳಿದ್ದು ಒಂದೇ ಮಾತು: "ಇಲ್ದಿದ್ರೆ ಜನ ಏನಂತಾರೆ?"

ಆ ಪ್ರಶ್ನೆಗೆ ಉತ್ತರವಾಗಿ ನಾವು ಯುವಕ ಯುವತಿಯರು ಸೇರಿ ಕೇಕಿಗೊಂದು ಮಣೆ ಮಾಡಲು ಹೊರಟೆವು. ಮದುಮಕ್ಕಳಿಗೆ ಹಸೆಮಣೆ ಇರುವ ಹಾಗೆ, ಕೇಕಿಗೂ ಒಂದು ಮಣೆ. ಆ ಕೆಲಸದಲ್ಲಿ ನಾವು ಕಲಿತದ್ದನ್ನು ಈ ತಿಂಗಳ ಪಾಠವಾಗಿ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ತಪ್ಪು

ಮೊದಲ ಮಣೆಯನ್ನು ಟಿ.ವಿ. ಬಂದಿದ್ದ ರಟ್ಟಿನ ಪೆಟ್ಟಿಗೆಯಿಂದ ಮಾಡಿದೆವು. ದುಂಡಗೆ ಕತ್ತರಿಸಿ, ಮೇಲೆ ಬಂಗಾರದ ಬಣ್ಣದ ಕಾಗದ ಅಂಟಿಸಿದೆವು. ನೋಡಲು ಚೆನ್ನಾಗಿಯೇ ಇತ್ತು. ಸತ್ಯಮಂಗಲದಿಂದ ತಂದ ಕೇಕು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ತಾಳವಾಡಿಗೆ ಏನೂ ಆಗದೆ ಬಂದು ತಲುಪಿತು. ಆದರೆ ನಮ್ಮ ಮಣೆಯ ಮೇಲಿಟ್ಟು ಇಬ್ಬರು ಎತ್ತಿದ ಕೂಡಲೇ ರಟ್ಟು ನಡುವೆ ಬಾಗಿತು, ಕ್ರೀಮು ಬಿರುಕು ಬಿಟ್ಟಿತು. ಹುಡುಗಿಯ ಅಜ್ಜಿ ಹೂವಿನಿಂದ ಬಿರುಕನ್ನು ಮರೆಮಾಡಿಸಿ ಹೇಳಿದರು: "ಮಣೆ ಮೊದ್ಲು ಗಟ್ಟಿ ಇರ್ಬೇಕು ಕಣಪ್ಪ, ಮಿನುಗೋದು ಆಮೇಲೆ."

ಬಂಡೆಯ ಮೇಲೆ ಕಟ್ಟಿದ ಮನೆ, ಮರಳಿನ ಮೇಲೆ ಕಟ್ಟಿದ ಮನೆ ಎಂಬ ಯೇಸುಸ್ವಾಮಿಯ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅಂದು ಅದು ನಮಗೆ ಕೇಕಿನ ರೂಪದಲ್ಲಿ ಅರ್ಥವಾಯಿತು.

ಬಾಗದಿರುವುದರ ಲೆಕ್ಕ

ಕಾಲೇಜಿನಲ್ಲಿ ಓದಿದ್ದ ಭೌತಶಾಸ್ತ್ರ ಇಲ್ಲಿ ನೆರವಿಗೆ ಬಂತು. ಹಲಗೆಯ ದಪ್ಪ ಎರಡು ಪಟ್ಟಾದರೆ, ಅದು ಬಾಗದೆ ನಿಲ್ಲುವ ಶಕ್ತಿ ಎರಡಲ್ಲ, ಎಂಟು ಪಟ್ಟಾಗುತ್ತದೆ. ಆದರೆ ಒಂದೇ ದಪ್ಪದ ಎರಡು ಹಲಗೆಗಳನ್ನು ಅಂಟಿಸದೆ ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಆ ಶಕ್ತಿ ಎರಡೇ ಪಟ್ಟು. ಗೋಂದು ಹಾಕಿ ಒಂದಾಗಿಸಿದರೆ ಎಂಟು ಪಟ್ಟು. ಬಿಡಿಯಾಗಿದ್ದರೆ ಎರಡು, ಅಂಟಿಕೊಂಡರೆ ಎಂಟು. ಇದು ಹಲಗೆಗೆ ಮಾತ್ರ ಸಲ್ಲುವ ಮಾತಲ್ಲ ಎಂದು ನಮಗನ್ನಿಸುತ್ತದೆ.

ಮಾಡುವ ಕ್ರಮ

1. ಹಲಗೆ: ಬಡಗಿಯ ಅಂಗಡಿಯಲ್ಲಿ ಉಳಿದ 12 ಮಿ.ಮೀ. ಪ್ಲೈವುಡ್ ತುಂಡು ಕೇಳಿ. ನಮಗೆ ಅದು ಪುಕ್ಕಟೆಯಾಗಿ ಸಿಕ್ಕಿತು.

2. ಅಳತೆ: ಕೇಕಿನ ಸುತ್ತ ಕನಿಷ್ಠ 2 ಇಂಚು ಜಾಗ ಉಳಿಯಬೇಕು. 10 ಇಂಚಿನ ದುಂಡು ಕೇಕಿಗೆ 14 ಇಂಚಿನ ಮಣೆ ಸಾಕು. ಕೇಕು ಚೌಕವಾಗಿದ್ದರೆ ಮೂಲೆಯಿಂದ ಮೂಲೆಗೆ ಅಳೆಯಿರಿ. 10 ಇಂಚಿನ ಚೌಕ ಕೇಕು ಮೂಲೆಯಿಂದ ಮೂಲೆಗೆ 14 ಇಂಚಿಗಿಂತ ತುಸು ಹೆಚ್ಚಿರುತ್ತದೆ. ಎರಡಕ್ಕೂ ಆಗಲೆಂದು ನಾವು ಸುಮಾರು 18 ಇಂಚಿನ ದುಂಡು ಮಣೆ ಕೊಯ್ಯಿಸಿದೆವು.

3. ಅಂಚು: ಉಪ್ಪುಕಾಗದದಿಂದ ಅಂಚನ್ನು ನುಣ್ಣಗೆ ಉಜ್ಜಿ. ಸಿಬಿರು ಉಳಿದರೆ ಕೈಗೂ ಬಟ್ಟೆಗೂ ಚುಚ್ಚುತ್ತದೆ.

4. ಕಾಲು: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ರಬ್ಬರ್ ಬುಷ್ ಆರು ತಂದು, ಅಂಚಿನಿಂದ 3 ಇಂಚು ಒಳಗೆ ಸುತ್ತಲೂ ಸಮನಾಗಿ ಸ್ಕ್ರೂ ಹಾಕಿ ಕೂಡಿಸಿ. ಸ್ಕ್ರೂ ಮೇಲೆ ತೂರಿ ಬರದಷ್ಟು ಚಿಕ್ಕದಿರಲಿ. ಕಾಲುಗಳು ತೀರ ನಡುವಿನಲ್ಲಿದ್ದರೆ ಅಂಚಿನ ಮೇಲೆ ಕೈಯೂರಿದಾಗ ಮಣೆ ಮಗುಚುತ್ತದೆ. ಕಾಲೇ ಇಲ್ಲದಿದ್ದರೆ ಎತ್ತುವಾಗ ಕೆಳಗೆ ಬೆರಳು ತೂರುವುದಿಲ್ಲ.

5. ಹೊದಿಕೆ: ಬಿಳಿ ಅಥವಾ ತಿಳಿಬಣ್ಣದ ಹತ್ತಿ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಬಿಗಿಯಾಗಿ ಎಳೆದು ಹಲಗೆಯ ಅಡಿಭಾಗದಲ್ಲಿ ಫೆವಿಕಾಲ್ ಹಚ್ಚಿ ಅಂಟಿಸಿ. ಒಂದು ರಾತ್ರಿ ಒಣಗಲು ಬಿಡಿ.

6. ಅಂಚಿನ ಪಟ್ಟಿ: ಇದೇ ಮಣೆಯ ಚೆಲುವು. ಮದುಮಗಳ ತಾಯಿಯ ಹಳೆಯ ರೇಷ್ಮೆ ಸೀರೆಯ ಜರಿ ಅಂಚನ್ನು ಕತ್ತರಿಸಿ, ಎರಡೂ ಬದಿ ಅಂಟುವ ಟೇಪಿನಿಂದ ಮಣೆಯ ಸುತ್ತ ಕೂಡಿಸಿ. 18 ಇಂಚಿನ ಮಣೆಗೆ ಸುಮಾರು 57 ಇಂಚು ಪಟ್ಟಿ ಬೇಕು, ಎಂದರೆ ಒಂದೂವರೆ ಮೀಟರಿಗೆ ತುಸು ಕಡಿಮೆ. ಗುಂಡುಸೂಜಿ ಬಳಸಲೇಬೇಡಿ, ತಿನ್ನುವ ಪದಾರ್ಥದ ಹತ್ತಿರ ಅದು ಅಪಾಯ. ಮದುವೆ ಮುಗಿದ ಮೇಲೆ ಪಟ್ಟಿ ಬಿಚ್ಚಿ ಆ ಮನೆಗೇ ಕೊಡಿ.

7. ಎತ್ತರ: ಎತ್ತರ ಬೇಕೆಂದರೆ ತೋಟದ ಟೊಮ್ಯಾಟೊ ಕ್ರೇಟನ್ನು ತೊಳೆದು, ಒಣಗಿಸಿ, ಬೋರಲು ಹಾಕಿ ಬಿಳಿ ಬಟ್ಟೆ ಹೊದಿಸಿ. ಮಣೆಯ ಆರೂ ಕಾಲುಗಳು ಅದರ ಮೇಲೆ ಪೂರ್ತಿ ಕೂತಿವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮದುವೆಯ ಹಿಂದಿನ ದಿನ ಕೇಕಿಗಿಂತ ಹೆಚ್ಚು ತೂಕವಿಟ್ಟು ಪರೀಕ್ಷಿಸಿ. ನಾವು 5 ಕಿಲೋ ಅಕ್ಕಿ ಚೀಲವಿಟ್ಟು, ಎತ್ತಿ, ಭವನದ ಉದ್ದಕ್ಕೂ ನಡೆದು ನೋಡಿದೆವು.

ಎಚ್ಚರ ವಹಿಸಬೇಕಾದದ್ದು

ಬೇಕರಿಯವರು ಕೊಡುವ ತೆಳು ಬೋರ್ಡಿನಿಂದ ಕೇಕನ್ನು ತೆಗೆಯಬೇಡಿ. ಬೋರ್ಡಿನ ಸಮೇತ ಮಣೆಯ ಮೇಲಿಡಿ, ನಡುವೆ ಒಂದು ಬಟರ್ ಪೇಪರ್ ಹಾಕಿ. ಅಚ್ಚಾದ ಪತ್ರಿಕೆಯ ಹಾಳೆ ಬೇಡ, ಅದರ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ. ಅಲಂಕಾರದ ಮಿನುಗುಪುಡಿ ಪ್ಲಾಸ್ಟಿಕ್, ಅದನ್ನು ಕೇಕಿನ ಬಳಿ ಉದುರಿಸಬೇಡಿ. ಕಣಗಿಲೆ ಹೂ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಆದರೆ ಆ ಗಿಡದ ಎಲ್ಲ ಭಾಗವೂ ವಿಷ. ಸೇವಂತಿಗೆ, ಗುಲಾಬಿಯನ್ನೂ ಮೇಜಿನ ಮೇಲೆ ಬಟ್ಟಲಲ್ಲಿಡಿ, ಕೇಕಿಗೆ ತಾಗಿಸಬೇಡಿ. ಕೇಕನ್ನು ಕಾರಿನ ಸೀಟಿನ ಮೇಲಾಗಲಿ ತೊಡೆಯ ಮೇಲಾಗಲಿ ತರಬೇಡಿ. ಸೀಟು ಓರೆಯಾಗಿರುತ್ತದೆ. ಕೆಳಗೆ ಸಮತಟ್ಟಾದ ಜಾಗದಲ್ಲಿಡಿ.

ಹೆಸರಿನ ಪ್ರಶ್ನೆ

ಎರಡನೆಯ ಮಣೆ ಗಟ್ಟಿಯಾಗಿ ಬಂತು. ಗೋಂದು, ಬುಷ್, ಬಟ್ಟೆ ಎಲ್ಲ ಸೇರಿ ನಮಗೆ ತಗುಲಿದ್ದು 350 ರೂಪಾಯಿ. ಇದನ್ನು ಧರ್ಮಕೇಂದ್ರದ ಕಚೇರಿಯಲ್ಲೇ ಇಟ್ಟು ಎಲ್ಲರ ಮದುವೆಗೂ ಕೊಡೋಣ ಎಂದಾಗ ಒಂದು ಮಾತು ಬಂತು. ಹಿರಿಯರೊಬ್ಬರು ಪೂರ್ತಿ ಹಣ ತಾವೇ ಕೊಡುತ್ತೇವೆ, ಹಲಗೆಯ ಮೇಲೆ ಮನೆತನದ ಹೆಸರು ಬರೆಸಿ ಎಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ಇನ್ನೊಬ್ಬರ ಹೆಸರು ಹೊತ್ತ ಮಣೆಯನ್ನು ತನ್ನ ಮಗಳ ಮದುವೆಗೆ ಕೇಳಿಕೊಂಡು ಬರುವ ತಂದೆಗೆ ಹೇಗನ್ನಿಸೀತು? ನಾವು ಅದನ್ನೇ ಅವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರಿಲ್ಲದೆಯೇ ಹಣ ಕೊಟ್ಟರು.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಮಾತೆ ಮರಿಯಮ್ಮ ಗಮನಿಸಿದರು. ಊರಿಗೆಲ್ಲ ಸಾರದೆ ಮಗನಿಗೆ ಮಾತ್ರ ಹೇಳಿದರು. ಯೇಸುಸ್ವಾಮಿ ಬಳಸಿಕೊಂಡದ್ದು ಅಲ್ಲೇ ಇದ್ದ ಆರು ಕಲ್ಲಿನ ಬಾನಿಗಳನ್ನು. ಆ ಮನೆಯವರ ಮಾನ ಉಳಿಯಿತು. ಪೋಪ್ ಫ್ರಾನ್ಸಿಸ್‌ರವರೂ 2016ರ 'ಅಮೋರಿಸ್ ಲೆತೀತಿಯಾ' ಪ್ರೇರಿತ ಪತ್ರದ 212ನೇ ಪರಿಚ್ಛೇದದಲ್ಲಿ ಮದುವೆಯ ಆಡಂಬರ ಹಣವನ್ನಷ್ಟೇ ಅಲ್ಲ, ಸಂತೋಷವನ್ನೂ ಬರಿದುಮಾಡುತ್ತದೆ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದಾರೆ. ವಿವಾಹ ಸಂಸ್ಕಾರ ನಿಂತಿರುವುದು ವಧೂವರರು ಒಬ್ಬರಿಗೊಬ್ಬರು ಕೊಡುವ ಸಮ್ಮತಿಯ ಮೇಲೆ. ಕೇಕು ಅದರ ನಂತರದ ಸಿಹಿ ಮಾತ್ರ.

ಈಗ ಮಣೆ ಕಚೇರಿಯ ಬೀರುವಿನ ಮೇಲಿದೆ. ಬಾಡಿಗೆ ಇಲ್ಲ, ಮುಂಗಡ ಇಲ್ಲ. ಪುಸ್ತಕದಲ್ಲಿ ದಿನಾಂಕ ಬರೆದು ಒಯ್ಯಿರಿ, ಒರೆಸಿ ತಂದಿಡಿ. ಬಳಸುವ ಕ್ರಮವನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದು ಹಲಗೆಯ ಅಡಿಗೆ ಅಂಟಿಸಿದ್ದೇವೆ. ಸ್ವಂತ ಸ್ಟ್ಯಾಂಡ್ ತರಿಸುವ ಶಕ್ತಿ ಇರುವ ಮನೆಯವರೂ ಇದನ್ನೇ ಬಳಸಿದರೆ, ಇಲ್ಲದವರು ತಲೆ ತಗ್ಗಿಸಬೇಕಾಗಿಲ್ಲ. ಅದನ್ನೇ ನಾವು ನಿಮ್ಮಲ್ಲಿ ಕೇಳಿಕೊಳ್ಳುತ್ತೇವೆ.

ಚರ್ಚೆಗೆ

1. ನಮ್ಮ ಮದುವೆಗಳಲ್ಲಿ "ಜನ ಏನಂತಾರೆ" ಎಂಬ ಭಯಕ್ಕೆ ಮಾಡುವ ಖರ್ಚು ಯಾವುವು?
2. ಮಣೆಯ ಹಾಗೆ ಎಲ್ಲರಿಗೂ ಸಾಮಾನ್ಯವಾಗಿ ಇಡಬಹುದಾದ ಬೇರೆ ವಸ್ತುಗಳು ಯಾವುವು?
3. ಕೊಟ್ಟವರ ಹೆಸರು ಕಾಣದ ಹಾಗೆ ಸಹಾಯ ಮಾಡುವುದು ಏಕೆ ಕಷ್ಟ? ಯೊವಾನ್ನರ ಶುಭಸಂದೇಶ 2ನೇ ಅಧ್ಯಾಯವನ್ನು ಓದಿ ಮಾತನಾಡಿ.