ಧ್ರುವದ ಮೇಲಣ ದಾರಿ

2021ನೆಯ ಇಸವಿಯ ಜನವರಿ 9ರ ರಾತ್ರಿ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾದ ವಿಮಾನವೊಂದು, ನಡುವೆ ಎಲ್ಲಿಯೂ ಇಳಿಯದೆ, ಜನವರಿ 11ರ ನಸುಕಿನಲ್ಲಿ ಬೆಂಗಳೂರನ್ನು ತಲಪಿತು. ಈ ಎರಡು ನಗರಗಳ ನಡುವೆ ವಿಮಾನವು ಒಂದೇ ಹಾರಾಟದಲ್ಲಿ ಬಂದುದು ಅದೇ ಮೊದಲು. ಅದನ್ನು ನಡೆಸಿದ ನಾಲ್ವರು ಚಾಲಕರೂ ಮಹಿಳೆಯರು. ಅವರ ಮುಖ್ಯಸ್ಥೆ ಜೋಯಾ ಅಗರ್‌ವಾಲ್.

ತಾರೀಖುಗಳನ್ನು ಮಾತ್ರ ನೋಡಿದವರಿಗೆ ಈ ಪ್ರಯಾಣಕ್ಕೆ ಒಂದು ದಿನಕ್ಕಿಂತಲೂ ಹೆಚ್ಚು ಕಾಲ ಹಿಡಿದಂತೆ ತೋರುವುದು ಸಹಜ. ಆದರೆ ವಿಮಾನವು ಆಕಾಶದಲ್ಲಿದ್ದುದು ಸುಮಾರು 17 ಗಂಟೆ ಮಾತ್ರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ 9ರ ರಾತ್ರಿ ಎಂಟೂವರೆಯಾದಾಗ ಬೆಂಗಳೂರಿನಲ್ಲಿ 10ರ ಬೆಳಗಿನ ಹತ್ತು ಗಂಟೆ. ಅದಕ್ಕೆ 17 ಗಂಟೆ ಕೂಡಿಸಿದರೆ 11ರ ಬೆಳಗಿನ ಜಾವವೇ ಆಗುತ್ತದೆ.

ದೂರದ ಲೆಕ್ಕ ಇದಕ್ಕಿಂತ ಸ್ವಾರಸ್ಯಕರವಾದುದು. ಗೋಡೆಯ ಮೇಲಿನ ಭೂಪಟದಲ್ಲಿ ಈ ಎರಡು ಊರುಗಳನ್ನು ಅಳತೆಪಟ್ಟಿಯಿಂದ ಸೇರಿಸಿದರೆ ಗೆರೆಯು ಪೆಸಿಫಿಕ್ ಸಾಗರವನ್ನು ಹಾದು ಬರುತ್ತದೆ. ನೋಡಲು ಅದು ನೇರ. ನಿಜವಾಗಿ ಆ ದಾರಿ ಸುಮಾರು 16,000 ಕಿಲೋಮೀಟರಿನಷ್ಟು ಉದ್ದ. ಅದೇ ಊರುಗಳ ನಡುವೆ ಭೂಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ತಾನಾಗಿಯೇ ಮೇಲಕ್ಕೆ ಸರಿದು ಉತ್ತರ ಧ್ರುವದ ಕಡೆಗೆ ಬಾಗಿ ಹಾಯುತ್ತದೆ. ಎರಡು ನಗರಗಳ ರೇಖಾಂಶಗಳ ಅಂತರ ಸುಮಾರು 160 ಡಿಗ್ರಿ, ಎಂದರೆ ಅವು ಭೂಮಿಯ ಬಹುಮಟ್ಟಿಗೆ ಎದುರುಬದುರು ಬದಿಗಳಲ್ಲಿವೆ. ಆದುದರಿಂದ ಧ್ರುವದ ದಿಕ್ಕಿನ ಈ ದಾರಿ ಸುಮಾರು 14,000 ಕಿಲೋಮೀಟರಿನಲ್ಲಿಯೇ ಮುಗಿಯುತ್ತದೆ. ಉಂಡೆಯಾದ ಭೂಮಿಯನ್ನು ಚಪ್ಪಟೆಯಾದ ಕಾಗದದ ಮೇಲೆ ಹರಡಿದಾಗ ಇಂಥ ಸುಳ್ಳು ನುಸುಳುವುದು ಅನಿವಾರ್ಯ.

ದೊಡ್ಡ ವಿಮಾನಗಳ ವೇಗ ಗಂಟೆಗೆ 900 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಹಾಗಾದರೆ ಹದಿನೈದೂವರೆ ಗಂಟೆ ಸಾಕಾಗಬೇಕಿತ್ತಲ್ಲವೇ? ಭಾಗಾಕಾರವೇನೋ ಸರಿ, ಆದರೆ ಏರುವಾಗ, ಇಳಿಯುವಾಗ ಆ ವೇಗವಿರದು. ಎದುರುಗಾಳಿ ವೇಗವನ್ನು ತಗ್ಗಿಸುತ್ತದೆ. ಹವೆಗೆ ಅಂಜಿಯೋ, ಒಂದು ದೇಶದ ಆಕಾಶವನ್ನು ತಪ್ಪಿಸಲೆಂದೋ ಅಲ್ಲಲ್ಲಿ ಬಳಸಿ ಹೋಗಬೇಕಾಗುತ್ತದೆ. ಇಂಧನವನ್ನು ಹೆಚ್ಚಾಗಿ ತುಂಬಿಕೊಂಡರಾಯಿತೆಂದರೆ, ಆ ಹೆಚ್ಚಿನ ಭಾರವನ್ನು ಹೊರಲು ಮತ್ತಷ್ಟು ಇಂಧನ ಬೇಕು.

ಹತ್ತಿರದ ದಾರಿಯೆಂದ ಮಾತ್ರಕ್ಕೆ ಅದು ಸುಲಭದ ದಾರಿಯಲ್ಲ. ಭೂಮಿಯ ಕಾಂತಧ್ರುವವೂ ಆ ಹಿಮಪ್ರದೇಶದಲ್ಲಿಯೇ ಇರುವುದರಿಂದ ದಿಕ್ಸೂಚಿಯ ಮುಳ್ಳನ್ನು ಅಲ್ಲಿ ನಂಬುವಂತಿಲ್ಲ. ಚಾಲಕರು ಬೇರೆ ಉಪಕರಣಗಳ ನೆರವಿನಿಂದ ನಿಜವಾದ ಉತ್ತರವನ್ನು ಅರಿತು ನಡೆಯುತ್ತಾರೆ. ಹೊರಗಿನ ಗಾಳಿ ಸೊನ್ನೆಗಿಂತ 50, 60 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ವಿಮಾನದ ಇಂಧನವಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗಬಹುದು. ರೆಕ್ಕೆಗಳೊಳಗಿನ ಇಂಧನ ಅಷ್ಟು ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುವುದರಿಂದ, ಚಾಲಕರು ಅದರ ಉಷ್ಣತೆಯನ್ನು ಗಮನಿಸುತ್ತಲೇ ಇದ್ದು, ಅಗತ್ಯವಾದರೆ ಬೆಚ್ಚನೆಯ ಗಾಳಿಯಿರುವ ಎತ್ತರಕ್ಕೆ ಇಳಿಯುತ್ತಾರೆ. ಯಂತ್ರ ಕೆಟ್ಟರೆ, ಪ್ರಯಾಣಿಕನೊಬ್ಬನ ಪ್ರಾಣಕ್ಕೆ ಅಪಾಯ ಒದಗಿದರೆ ಇಳಿಯಲು ಆ ಬಿಳಿಯ ಬಯಲಿನಲ್ಲಿ ನಿಲ್ದಾಣಗಳು ತೀರ ವಿರಳ. ಆದುದರಿಂದ ಅವು ಎಲ್ಲೆಲ್ಲಿವೆ, ಯಾವ ಘಟ್ಟದಿಂದ ಯಾವುದಕ್ಕೆ ತಿರುಗಬೇಕು ಎಂಬುದನ್ನು ನೆಲದ ಮೇಲಿರುವಾಗಲೇ ಗೊತ್ತುಮಾಡಿಕೊಂಡು ವಿಮಾನವು ಹೊರಡುತ್ತದೆ.