ನಾಟಿ ಔಷಧಿಗೆ ಹೊರಡುವ ಮುನ್ನ

‘ಇನ್ನು ಮನೆಗೆ ಕರ್ಕೊಂಡು ಹೋಗಿ, ಇಷ್ಟವಾದದ್ದು ಕೊಡಿ’ ಎಂದು ಕ್ಯಾನ್ಸರ್ ತಜ್ಞರು ಕೈಚೆಲ್ಲಿದ ಸಂಜೆಯೇ ಫೋನುಗಳು ಶುರುವಾಗುತ್ತವೆ. ಒಬ್ಬರು ಹನುಮಫಲ ಅನ್ನುತ್ತಾರೆ, ಇನ್ನೊಬ್ಬರು ಗೋಮೂತ್ರದ ಅರ್ಕ, ಮತ್ತೊಬ್ಬರು ಗೋಧಿಹುಲ್ಲಿನ ರಸ. ಸಾಗರ ತಾಲ್ಲೂಕಿನ ನರಸೀಪುರದ ಹೆಸರು ಹೇಳುವವರಂತೂ ಇದ್ದೇ ಇರುತ್ತಾರೆ. ಅಲ್ಲಿನ ಚಕ್ಕೆ ಔಷಧಿಗೆ ದೂರದ ರಾಜ್ಯಗಳವರೂ ರಾತ್ರಿಯಿಡೀ ಸಾಲು ಹಿಡಿದು ಕಾದದ್ದುಂಟು. ದೊಡ್ಡಪ್ಪನಿಗೆ ಹೀಗಾದಾಗ ನಮ್ಮ ಮನೆಯಲ್ಲೂ ಇದೇ ನಡೆಯಿತು. ಹೋಗಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ, ನಾವೂ ಕೇಳಿರಲಿಲ್ಲ. ಹೋಗುವುದಾದರೆ ಈ ಕ್ರಮದಲ್ಲಿ ಹೋಗಿ.

1. ‘ಇನ್ನೇನೂ ಇಲ್ಲ’ ಎಂಬುದು ನಿಜವೇ, ಕೇಳಿಕೊಳ್ಳಿ

ಫೈಲು, ಸ್ಕ್ಯಾನ್, ಬಯಾಪ್ಸಿ ರಿಪೋರ್ಟು ಹಿಡಿದು ಇನ್ನೊಬ್ಬ ಕ್ಯಾನ್ಸರ್ ತಜ್ಞರನ್ನು ಕಾಣಿ. ಕೊನೆಯ ಹಂತ ಎಂದು ಮನೆಯವರೇ ತೀರ್ಮಾನಿಸಿ, ಗುಣವಾಗಬಹುದಾದ ಕಾಯಿಲೆಯನ್ನು ಕಷಾಯಕ್ಕೆ ಒಪ್ಪಿಸಿದ ಉದಾಹರಣೆಗಳಿವೆ. ಬೇರೆಡೆಗೆ ಹರಡದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯೊಂದನ್ನೇ ನಂಬಿದ 281 ಜನರ ದಾಖಲೆಗಳನ್ನು ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು.

2. ರೋಗಿಯನ್ನೇ ಕೇಳಿ

‘ಅಪ್ಪನಿಗೆ ಗೊತ್ತಾಗಬಾರದು’ ಎಂದು ಬಾಗಿಲಾಚೆ ಪಿಸುಗುಟ್ಟುತ್ತ ಔಷಧಿ ಬದಲಿಸುವವರೇ ಹೆಚ್ಚು. ರೋಗಿಗೆ ಬೇಕಿರುವುದು ಏನು? ನೋವಿಲ್ಲದ ಒಂದು ರಾತ್ರಿಯೋ, ತೋಟ ನೋಡಿ ಬರುವುದೋ, ಮೊಮ್ಮಗಳ ಜೊತೆ ಊಟವೋ? ಎಷ್ಟೋ ಸಲ ನಾಟಿ ಔಷಧಿ ಬೇಕಾಗಿರುವುದು ರೋಗಿಗಲ್ಲ, ‘ನಾವು ಪ್ರಯತ್ನವನ್ನೇ ಮಾಡಲಿಲ್ಲ’ ಎಂಬ ಕೊರಗಿಗೆ ಹೆದರುವ ಮಕ್ಕಳಿಗೆ.

3. ಮೊದಲು ನೋವಿಗೆ ವ್ಯವಸ್ಥೆ

ಗುಣಪಡಿಸಲಾಗದಿದ್ದರೂ ನೋವು, ವಾಂತಿ, ಉಬ್ಬಸ ತಗ್ಗಿಸುವ ವೈದ್ಯವಿಭಾಗವೇ ಬೇರೆ ಇದೆ, ಉಪಶಮನ ಆರೈಕೆ. ಇದು ಸಾವಿನ ಕೋಣೆಯಲ್ಲ. ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಆರೈಕೆಯನ್ನು ಬೇಗ ಪಡೆದವರು ಸರಾಸರಿ 11.6 ತಿಂಗಳು ಬದುಕಿದರು, ಉಳಿದವರು 8.9. ಹೆಚ್ಚು ದಿನ, ಅದೂ ಹೆಚ್ಚು ನೆಮ್ಮದಿಯಿಂದ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇದನ್ನು ಉಚಿತವಾಗಿ ಮಾಡುತ್ತಿದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತದೆ, ವಿಚಾರಿಸಿ.

ಮಾರ್ಫಿನ್ ಎಂದರೆ ಚಟ ಎಂದು ಹೆದರಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ಕೊಡುವಾಗ ಆ ಭಯ ಬಹಳ ಕಡಿಮೆ. ಮಲಬದ್ಧತೆ ಮಾತ್ರ ಖಂಡಿತ, ಅದಕ್ಕೂ ಔಷಧಿ ಕೇಳಿ ಪಡೆಯಿರಿ. ಗಿಡಮೂಲಿಕೆಯೇ ಆಗಬೇಕು ಎನ್ನುವವರಿಗೆ ಒಂದು ಮಾತು: ಮಾರ್ಫಿನ್ ಕೂಡ ಗಸಗಸೆ ಗಿಡದ ಹಾಲಿನಿಂದ ಬಂದದ್ದೇ.

4. ಪುಡಿಯಲ್ಲಿ ಏನಿದೆ?

ನಾಟಿ ಔಷಧಿ ಕೊಡುವ ವೈದ್ಯರು ನೋಂದಾಯಿತರೇ ನೋಡಿ. ಡಬ್ಬಿಯ ಮೇಲೆ ಘಟಕಗಳ ಪಟ್ಟಿ, ಲೈಸೆನ್ಸ್ ಸಂಖ್ಯೆ, ತಯಾರಾದ ದಿನ ಇರಬೇಕು. ಹೆಸರಿಲ್ಲದ ಪೊಟ್ಟಣದ ಪುಡಿ ಬೇಡ. ಎರಡೇ ದಿನದಲ್ಲಿ ಹಸಿವು, ಲವಲವಿಕೆ ಬಂದರೆ ಹಿಗ್ಗುವ ಮೊದಲು ಅನುಮಾನಪಡಿ. ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಪತ್ತೆಯಾಗಿವೆ. ಗಡ್ಡೆಯ ಮೇಲೆ ಸುಡುವ ಲೇಪ ಹಚ್ಚುವುದಂತೂ ಹುಣ್ಣು ಮಾಡುವ ದಾರಿ. ಏಪ್ರಿಕಾಟ್ ಬೀಜದ ತಿರುಳು ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ.

ಏನೇ ಕೊಡುತ್ತಿದ್ದರೂ ಅದನ್ನು ಬರೆದು ಫೈಲಿನಲ್ಲಿಡಿ, ಡಾಕ್ಟರಿಗೆ ತೋರಿಸಿ. ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ. ಕೀಮೋ ನಡೆಯುತ್ತಿದ್ದರೆ ಇದು ಇನ್ನೂ ಮುಖ್ಯ: ಯಕೃತ್ತಿಗೆ ಪೆಟ್ಟು ಬಿದ್ದಾಗ ಅದು ಕೀಮೋದಿಂದಲೋ ಕಷಾಯದಿಂದಲೋ ಅವರಿಗೆ ತಿಳಿಯಬೇಕು.

5. ಪಥ್ಯದ ಬಗ್ಗೆ ಜಗಳವಾಡಿ

ನನ್ನ ಮಟ್ಟಿಗೆ ಔಷಧಿಗಿಂತ ಹೆಚ್ಚು ಹಿಂಸೆ ಕೊಡುವುದು ಪಥ್ಯ. ಮೊಸರು ಬೇಡ, ಉಪ್ಪು ಬೇಡ, ಮೊಟ್ಟೆ ಬೇಡ, ಹುಳಿ ಬೇಡ. ದಿನದಿನಕ್ಕೆ ಕೃಶವಾಗುತ್ತಿರುವ ಮನುಷ್ಯನ ತಟ್ಟೆಯಿಂದ ಒಂದೊಂದನ್ನೇ ತೆಗೆಯುತ್ತ ಹೋದರೆ ಉಳಿಯುವುದು ಗಂಜಿಯಷ್ಟೇ. ನಮ್ಮ ದೊಡ್ಡಪ್ಪ ಮೊಸರನ್ನ ಇಲ್ಲದೆ ಊಟ ಮುಗಿಸಿದವರಲ್ಲ. ಮೂರು ವಾರ ಅವರಿಗೆ ಅದನ್ನು ಕೊಡಲಿಲ್ಲ. ಒಂದು ರಾತ್ರಿ ದೊಡ್ಡಮ್ಮ ಯಾರಿಗೂ ಹೇಳದೆ ಕಲಸಿ ತಿನ್ನಿಸಿದರು. ಅವರು ಎರಡು ತುತ್ತು ತಿಂದು, ಇನ್ನೊಂದು ಕೊಡು ಎಂದರಂತೆ. ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆ ಎಂದು ಪಾಯಸ ತಪ್ಪಿಸುವವರಿಗೂ ಇದೇ ಮಾತು. ಈ ಹಂತದಲ್ಲಿ ನಾಲಿಗೆಗೆ ಹಿತವಾದದ್ದೇ ಪಥ್ಯ.

6. ಹಣಕ್ಕೂ ದಿನಕ್ಕೂ ಗಡಿ ಹಾಕಿ

ಹೊರಡುವ ಮೊದಲೇ ಇಷ್ಟೇ ಹಣ, ಇಷ್ಟೇ ವಾರ ಎಂದು ಮನೆಯವರೆಲ್ಲ ಒಪ್ಪಿಕೊಳ್ಳಿ. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಗ್ಯಾರಂಟಿ ಎಂದವರ ಬಾಗಿಲಿಂದ ಹಿಂತಿರುಗಿ. ಬಸ್ಸಿನಲ್ಲಿ ನರಳುವವರನ್ನು ಕೂರಿಸಿಕೊಂಡು ಹೋಗಬೇಡಿ, ರಿಪೋರ್ಟಿನೊಂದಿಗೆ ಮನೆಯವರೊಬ್ಬರು ಹೋದರೂ ಅನೇಕ ಕಡೆ ಮಾತಾಡುತ್ತಾರೆ.

ಅಪಾಯವಿಲ್ಲದ, ಹಾಯೆನಿಸುವ ಸಂಗತಿಗಳೂ ಇವೆ: ಕಾಲಿಗೆ ಮೃದುವಾಗಿ ಎಣ್ಣೆ ನೀವುವುದು, ಕೂತಲ್ಲೇ ನಿಧಾನ ಉಸಿರಾಟ, ಇಷ್ಟದ ದೇವರನಾಮ ಕೇಳುವುದು. ಇವಕ್ಕೆ ಗಡಿ ಬೇಡ.

7. ನಿಲ್ಲಿಸುವ ಹೊತ್ತು

ನುಂಗುವಾಗ ಕೆಮ್ಮು ಬಂದರೆ, ಗುಟುಕು ಬಾಯಲ್ಲೇ ಉಳಿದರೆ, ಕಷಾಯ ಅಂದೇ ನಿಲ್ಲಬೇಕು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೋವಿನ ಔಷಧಿಯನ್ನು ಬೇರೆ ದಾರಿಯಲ್ಲಿ ಕೊಡಬಹುದೇ ಎಂದು ಡಾಕ್ಟರಿಗೆ ಅದೇ ದಿನ ಫೋನ್ ಮಾಡಿ. ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒರೆಸುತ್ತಿರಿ, ಎರಡು ಹನಿ ತುಪ್ಪ ಸವರಿ.