ಕಾಣಿಸಿ ಮರೆಯಾಗುವ ಕಣಗಳು

ಮಳೆಗಾಲದಲ್ಲಿ ಗಂಗೊಳ್ಳಿಯ ಅಳಿವೆಯನ್ನು ನೋಡಿದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಘಟ್ಟದಿಂದ ಇಳಿದ ಹೊಳೆಗಳ ನೀರೆಲ್ಲ ಪಂಚಗಂಗಾವಳಿಯಲ್ಲಿ ಕೂಡಿ ಕಡಲನ್ನು ಸೇರುವಾಗ, ಆ ಕೆನ್ನೀರು ಕಡಲಿನೊಳಗೂ ದೂರದವರೆಗೆ ಬೇರೆಯಾಗಿಯೇ ಕಾಣುತ್ತದೆ. ಹಂಗಾರಕಟ್ಟೆಯ ಬಳಿ ಸೀತಾನದಿಯೂ, ಬೈಂದೂರಿನ ಹೊಳೆಯೂ ಹೀಗೆಯೇ. ಬೇಸಗೆಯಲ್ಲಿಯೂ ಹೊಳೆ ಕಡಲಿಗೆ ಹರಿಯುತ್ತದೆ. ಆದರೆ ಆಗ ಅದರ ಜಾಡು ಕಣ್ಣಿಗೆ ಬೀಳದು. ಮಳೆಗಾಲದಲ್ಲಿ ಆ ಜಾಡನ್ನು ತೋರಿಸಿಕೊಡುವುದು ನೀರಲ್ಲ, ನೀರಿನಲ್ಲಿ ತೇಲಿಬಂದ ಮಣ್ಣಿನ ಕಣ. ದಪ್ಪ ಮರಳು ಬೇಗನೆ ತಳಕ್ಕಿಳಿಯುತ್ತದೆ. ನುಣ್ಣನೆಯ ಜೇಡಿಯ ಕಣ ಮಾತ್ರ ಬಹಳ ಹೊತ್ತು ತೇಲುತ್ತಿರುತ್ತದೆ.

ಮನುಷ್ಯದೇಹದ ಒಳಗನ್ನು ನೋಡಬಯಸಿದ ವೈದ್ಯರಿಗೆ ಎದುರಾದ ತೊಡಕೂ ಇದೇ ಬಗೆಯದು. 1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ಮೂಳೆಯಲ್ಲಿರುವ ಕ್ಯಾಲ್ಸಿಯಮ್ ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ಮೂಳೆಯ ನೆರಳು ಸ್ಪಷ್ಟವಾಗಿ ಮೂಡುತ್ತದೆ. ಆದರೆ ಕರುಳು, ರಕ್ತನಾಳ, ಯಕೃತ್ತುಗಳು ಹಗುರವಾದ ಪರಮಾಣುಗಳಿಂದಾದವು. ಒಂದರ ನೆರಳನ್ನು ಇನ್ನೊಂದರಿಂದ ಬೇರ್ಪಡಿಸುವುದು ಬೇಸಗೆಯ ಕಡಲಿನಲ್ಲಿ ಹೊಳೆಯ ನೀರನ್ನು ಹುಡುಕಿದಂತೆ. ಆದುದರಿಂದ ಭಾರವಾದ ಪರಮಾಣುಗಳುಳ್ಳ ಯಾವುದಾದರೊಂದು ವಸ್ತುವನ್ನು ಒಳಗೆ ಕಳುಹಿಸಬೇಕಾಯಿತು. ಇಂತಹ ವಸ್ತುವಿಗೆ ವೈದೃಶ್ಯದ್ರವ್ಯವೆಂದು ಹೆಸರು. ಆಸ್ಪತ್ರೆಗಳಲ್ಲಿ ಎಲ್ಲರೂ ಕಾಂಟ್ರಾಸ್ಟ್ ಎನ್ನುತ್ತಾರೆ. 1896ರಲ್ಲಿ ಅಮೆರಿಕದ ವೈದ್ಯವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಹೆಬ್ಬಾತಿಗೆ ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ಉಣಿಸಿ, ಅದು ಗಂಟಲಿನಲ್ಲಿ ಇಳಿಯುವುದನ್ನು ಕ್ಷ-ಕಿರಣದಲ್ಲಿ ನೋಡಿದನು. 1910ರ ಹೊತ್ತಿಗೆ ಆ ಸ್ಥಾನಕ್ಕೆ ಬೇರಿಯಮ್ ಸಲ್ಫೇಟ್ ಬಂದಿತು. ಕರಗುವ ಬೇರಿಯಮ್ ಲವಣಗಳು ವಿಷ. ಇದು ಕರಗದು, ಬಂದ ದಾರಿಯಲ್ಲಿಯೇ ಮಲದೊಡನೆ ಹೊರಹೋಗುತ್ತದೆ. ಅದರ ಕ್ಷೇಮವೆಲ್ಲ ಹೀಗೆ ಹೊರಹೋಗುವುದರಲ್ಲಿಯೇ ಇದೆ.

ರಕ್ತನಾಳಗಳನ್ನು ನೋಡಲು ಅಯೋಡಿನ್ನಿನ ಸಂಯುಕ್ತಗಳು ಬಳಕೆಗೆ ಬಂದವು. ಇವನ್ನು ಹೊರಹಾಕುವ ಭಾರ ಮೂತ್ರಪಿಂಡಗಳದು. ಸಿ.ಟಿ. ಸ್ಕ್ಯಾನಿಗೆಂದು ಬೈಂದೂರಿನಿಂದಲೋ ಬ್ರಹ್ಮಾವರದಿಂದಲೋ ಮಣಿಪಾಲಕ್ಕೆ ಹೋದ ಹಿರಿಯರಿಗೆ ಚುಚ್ಚುಮದ್ದಿಗೆ ಮುಂಚೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಎಂದು ಹೇಳುವುದು ಆ ಮೂತ್ರಪಿಂಡಗಳ ಶಕ್ತಿಯನ್ನು ತಿಳಿಯುವುದಕ್ಕಾಗಿ. ಸಿಗಡಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಚಟ್ಲಿಯನ್ನು, ತಿಂದರೆ ಮೈ ತುರಿಸುವವರಿಗೆ ಈ ಮದ್ದು ಆಗದೆಂಬ ನಂಬಿಕೆಯೊಂದು ಲೋಕದಲ್ಲೆಲ್ಲ ಹರಡಿದೆ. ಅದಕ್ಕೆ ಆಧಾರವಿಲ್ಲ; ತುರಿಕೆಗೆ ಕಾರಣ ಸಿಗಡಿಯ ಪ್ರೋಟೀನೇ ಹೊರತು ಅಯೋಡಿನ್ ಅಲ್ಲ.

ಆದರೆ ಅಯೋಡಿನ್ ಬೇಗನೆ ಹೊರಟುಹೋಗುತ್ತದೆ, ಅಂದಿನ ಸಂಯುಕ್ತಗಳು ನೋವನ್ನೂ ಉಂಟುಮಾಡುತ್ತಿದ್ದವು. ರಕ್ತದಲ್ಲಿ ತೇಲುತ್ತ ಹೆಚ್ಚು ಹೊತ್ತು ನಿಲ್ಲುವ, ನೋವಿಲ್ಲದ ವಸ್ತುವೊಂದು ದೊರೆತರೆ ಎಷ್ಟು ಚೆನ್ನ ಎಂದು ವೈದ್ಯರು ಹಂಬಲಿಸಿದರು. 1930ರ ಸುಮಾರಿಗೆ ಅದು ದೊರೆಯಿತು. ಅದರ ಹೆಸರು ಥೋರೋಟ್ರಾಸ್ಟ್. ಥೋರಿಯಮ್ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ದ್ರವದಲ್ಲಿ ತೇಲುವಂತೆ ಮಾಡಿದ ಮದ್ದು. ಈ ಆಕ್ಸೈಡು ನಮಗೆ ಅಪರಿಚಿತವಲ್ಲ. ಬಯಲಾಟದ ರಂಗಸ್ಥಳ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಬೆಳಗುತ್ತಿದ್ದ ಕಾಲವನ್ನು ನಿಮ್ಮ ಅಜ್ಜ ಅಜ್ಜಿಯರು ಬಲ್ಲರು. ಆ ದೀಪದೊಳಗೆ ಬೆಳ್ಳಗೆ ಹೊಳೆಯುತ್ತಿದ್ದ ಮ್ಯಾಂಟಲ್ ಬಹುಪಾಲು ಥೋರಿಯಮ್ ಆಕ್ಸೈಡೇ. ಅದಕ್ಕೆ ಬೇಕಾದ ಮೊನಜೈಟ್ ಎಂಬ ಖನಿಜ ಕೇರಳದ ಕಡಲತೀರದ ಮರಳಿನಲ್ಲಿ ಹೇರಳವಾಗಿದೆ.

ಬಸರೂರಿನಲ್ಲಿ ಒಂದು ಕಾಲಕ್ಕೆ ವ್ಯಾಪಾರ ಮಾಡಿದ ಪೋರ್ಚುಗೀಸರ ನಾಡಿನಲ್ಲಿ ಎಗಾಸ್ ಮೋನಿಜ್ ಎಂಬ ವೈದ್ಯನು ಈ ಮದ್ದಿನಿಂದ ಮಿದುಳಿನ ರಕ್ತನಾಳಗಳ ಚಿತ್ರಗಳನ್ನು ತೆಗೆದನು. ಚಿತ್ರಗಳು ಅತ್ಯುತ್ತಮವಾಗಿದ್ದವು, ರೋಗಿಗಳಿಗೆ ನೋವೂ ಇರಲಿಲ್ಲ. ಥೋರಿಯಮ್ ವಿಕಿರಣಶೀಲವೆಂಬುದು ಆಗಲೇ ತಿಳಿದಿದ್ದಿತು. ಅಮೆರಿಕದ ವೈದ್ಯಸಂಘ 1932ರಷ್ಟು ಹಿಂದೆಯೇ ಎಚ್ಚರಿಸಿದ್ದಿತು. ಆದರೂ ಒಳ್ಳೆಯ ಚಿತ್ರದ ಆಸೆಯ ಮುಂದೆ ಆ ಎಚ್ಚರಿಕೆ ಹಿಂದೆ ಬಿದ್ದಿತು. ಆ ಕಣಗಳು ದೇಹದಿಂದ ಹೊರಹೋಗಲೇ ಇಲ್ಲ. ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಕಸವನ್ನು ನುಂಗುವುದಕ್ಕೆಂದೇ ಇರುವ ಜೀವಕೋಶಗಳು ಅವನ್ನು ನುಂಗಿದವು, ಅರಗಿಸಲಾರದೆ ಹೋದವು. ಥೋರಿಯಮ್ ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 1,400 ಕೋಟಿ ವರ್ಷ ಬೇಕು. ಒಂದು ಸಲ ಚುಚ್ಚುಮದ್ದು ಪಡೆದವನ ಯಕೃತ್ತು ಅಂದಿನಿಂದ ಸಾಯುವವರೆಗೆ ಹಗಲಿರುಳೆನ್ನದೆ ವಿಕಿರಣಕ್ಕೆ ಗುರಿಯಾಯಿತು. ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ಚಿತ್ರ ತೆಗೆಸಿದ್ದನ್ನೇ ಮರೆತಿದ್ದವರಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು. 1950ರ ದಶಕದಲ್ಲಿ ಅದರ ಬಳಕೆ ನಿಂತಿತು. ಸಾವುಗಳು ಮಾತ್ರ ಆ ಬಳಿಕವೂ ನಿಲ್ಲಲಿಲ್ಲ.

ಇಂದು ಇಂತಹ ಕಣಗಳನ್ನು ನ್ಯಾನೋಕಣಗಳೆನ್ನುತ್ತೇವೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ನ್ಯಾನೋಮೀಟರ್. ನಮ್ಮ ಕೆಂಪು ರಕ್ತಕಣದ ಅಗಲವೇ ಏಳು ಸಾವಿರ ನ್ಯಾನೋಮೀಟರಿಗಿಂತ ಹೆಚ್ಚು. ಕಣವನ್ನು ನುಂಗುವ ಯಕೃತ್ತಿನ ಸ್ವಭಾವ ಥೋರಿಯಮ್ಮಿನ ಕಾಲದಲ್ಲಿ ಮೃತ್ಯುವಾಯಿತಷ್ಟೆ. ಅದನ್ನೇ ಉಪಕಾರಿಯಾಗಿ ತಿರುಗಿಸಿದ್ದು ಕಬ್ಬಿಣ. ಎಂ.ಆರ್.ಐ. ಯಂತ್ರ ಕ್ಷ-ಕಿರಣವನ್ನು ಬಳಸುವುದಿಲ್ಲ. ಪ್ರಬಲವಾದ ಕಾಂತಕ್ಷೇತ್ರದಲ್ಲಿ ದೇಹದ ನೀರಿನ ಹೈಡ್ರೊಜನ್ ನೀಡುವ ಸಂಕೇತಗಳಿಂದ ಅದು ಚಿತ್ರ ರಚಿಸುತ್ತದೆ. ಕಬ್ಬಿಣದ ಆಕ್ಸೈಡಿನ ಕಣ ಹತ್ತಿರವಿದ್ದರೆ ಆ ಸಂಕೇತ ಕುಗ್ಗಿ, ಅಲ್ಲಿ ಕಪ್ಪು ಮೂಡುತ್ತದೆ. ಆರೋಗ್ಯದಿಂದಿರುವ ಯಕೃತ್ತು ಕಣಗಳನ್ನು ನುಂಗಿ ಕಪ್ಪಾಗುತ್ತದೆ. ನುಂಗುವ ಕೋಶಗಳಿಲ್ಲದ ಕ್ಯಾನ್ಸರ್ ಗೆಡ್ಡೆ ಬೆಳ್ಳಗೆ ಉಳಿದು ಸಿಕ್ಕಿಬೀಳುತ್ತದೆ. ಅನಂತರ ದೇಹ ಆ ಕಬ್ಬಿಣವನ್ನು ಬಿಡಿಸಿ, ತನ್ನ ಕಬ್ಬಿಣದ ಸಂಗ್ರಹಕ್ಕೆ ಸೇರಿಸಿ, ಹೀಮೋಗ್ಲೋಬಿನ್ ತಯಾರಿಕೆಗೆ ಬಳಸಿಕೊಳ್ಳುತ್ತದೆ. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಂತಹ ಮದ್ದೊಂದು ಪೇಟೆಯಲ್ಲಿ ಬಹುಕಾಲ ನಿಲ್ಲಲಿಲ್ಲವೆಂಬುದು ಬೇರೆ ಮಾತು. 2009ರಲ್ಲಿ ರಕ್ತಹೀನತೆಯ ಮದ್ದಾಗಿ ಬಂದ ಫೆರುಮಾಕ್ಸಿಟಾಲ್ ಎಂಬ ಇನ್ನೊಂದನ್ನು, ಮೂತ್ರಪಿಂಡ ಕೆಟ್ಟವರ ಚಿತ್ರ ತೆಗೆಯಲು ಕೆಲವು ವೈದ್ಯರು ಬಳಸಿದರು. ಅದೂ ನಿರಪಾಯವಲ್ಲ, ಅಪರೂಪಕ್ಕೆ ಪ್ರಾಣಕ್ಕೇ ಎರವಾಗುವ ಅಲರ್ಜಿಯನ್ನು ಉಂಟುಮಾಡುವುದೆಂದು 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಠಿಣ ಎಚ್ಚರಿಕೆ ನೀಡಿತು.

ಈಗ ವಿಜ್ಞಾನಿಗಳ ಕಣ್ಣು ಚಿನ್ನದ ಮೇಲೂ ಬಿದ್ದಿದೆ. ಚಿನ್ನದ ಪರಮಾಣು ಅಯೋಡಿನ್ನಿನದಕ್ಕಿಂತ ಭಾರವಾದುದರಿಂದ ಕ್ಷ-ಕಿರಣವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಎಂದೂ ಕೆಡದಿರುವುದು ಬಳೆಗೆ ಗುಣ, ರಕ್ತದಲ್ಲಿ ತೇಲುವ ಕಣಕ್ಕೆ ದೋಷ; ಕಬ್ಬಿಣದಂತೆ ಅದನ್ನು ದೇಹ ಅರಗಿಸಿಕೊಳ್ಳಲಾರದು. ಆದುದರಿಂದ ಅದು ಮೂತ್ರದೊಡನೆಯೇ ಹೊರಡಬೇಕು. ಮೂತ್ರಪಿಂಡವನ್ನು ಬೀಸುಬಲೆಗೆ ಹೋಲಿಸಬಹುದು. ಅದರ ಕಣ್ಣಿನಲ್ಲಿ ಸರಾಗವಾಗಿ ನುಸುಳಬೇಕಾದರೆ ಕಣದ ಅಳತೆ ಸುಮಾರು 5.5 ನ್ಯಾನೋಮೀಟರಿಗಿಂತ ಕಡಿಮೆಯಿರಬೇಕೆಂದು 2007ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಅಷ್ಟು ಚಿಕ್ಕದಾಗಿ ಮಾಡಿದರೂ ರಕ್ತದ ಪ್ರೋಟೀನುಗಳು ಮೇಲೆ ಅಂಟಿಕೊಂಡರೆ ಕಣ ದಪ್ಪವಾಗಿ ಬಲೆಯಲ್ಲಿ ಉಳಿಯುತ್ತದೆ. ಅದಕ್ಕೆಂದು ಅಂಟದಂತಹ ಲೇಪಗಳನ್ನು ಹುಡುಕುತ್ತಿದ್ದಾರೆ. ಇಲಿಗೆ ಅಂತಹ ಕಣವನ್ನು ಚುಚ್ಚಿದ ಮೇಲೆ, ಚಿತ್ರ ಚೆನ್ನಾಗಿ ಬಂದಿತೆಂದು ಕೆಲಸ ಮುಗಿಸುವುದಿಲ್ಲ. ಅದರ ಮೂತ್ರ, ಯಕೃತ್ತು, ಗುಲ್ಮಗಳನ್ನು ಪರೀಕ್ಷಿಸಿ, ಒಳಗೆ ಹೋದ ಚಿನ್ನದಲ್ಲಿ ಹೊರಬಂದುದೆಷ್ಟು, ಉಳಿದುದೆಷ್ಟು ಎಂದು ತೂಗಿ ಲೆಕ್ಕವಿಡುತ್ತಾರೆ.